ಮೊದಲು ಮೌಸ್ ಬಿಟ್ಟುಕೊಡಿ, ಕೋರ್ಸ್ ಆಮೇಲೆ ನೋಡೋಣ

ನಿಮ್ಮದು ನಾಲ್ಕು ಜನರ ಅಕೌಂಟ್ಸ್ ಆಫೀಸ್. ರಾತ್ರಿ ಎಂಟಾದರೂ ನಿಮ್ಮ ಕೆಲಸ ಮುಗಿಯಲ್ಲ, ಹುಡುಗರು ಮಾತ್ರ ಆರಕ್ಕೆ ಬ್ಯಾಗ್ ಹಾಕಿಕೊಂಡು ಹೊರಡುತ್ತಾರೆ. ಮೂರು ತಿಂಗಳ ಎಕ್ಸೆಲ್ ಕೋರ್ಸ್ ಸೇರಲಾ, ಇಲ್ಲಾ ಕೆಲಸ ಹಂಚೋದು ಕಲೀಲಾ ಅಂತ ಕೇಳಿದ್ದೀರಿ. ನನ್ನ ಲೆಕ್ಕದಲ್ಲಿ ಇವು ಎರಡು ಪ್ರಶ್ನೆ ಅಲ್ಲ, ಒಂದೇ. ಕೆಲಸ ಕಂಪ್ಯೂಟರಿನಲ್ಲಿ ನೆಟ್ಟಗೆ ಕೂತಿಲ್ಲ, ಅರ್ಧ ನಿಮ್ಮ ತಲೆಯಲ್ಲಿದೆ. ತಲೆಯಲ್ಲಿ ಇರೋದನ್ನು ಇನ್ನೊಬ್ಬರ ಕೈಗೆ ಹೇಗೆ ಕೊಡ್ತೀರಿ?

ನಾನು ದಾವಣಗೆರೆಯ ಒಂದು ಟ್ಯಾಕ್ಸ್ ಆಫೀಸಿನಲ್ಲಿ ಹನ್ನೆರಡು ವರ್ಷದಿಂದ ಇದ್ದೇನೆ. ಬಟ್ಟೆ ಅಂಗಡಿ, ಹಾರ್ಡ್‌ವೇರ್, ಮಂಡಿ, ಹೀಗೆ ಅರವತ್ತು ಚಿಲ್ಲರೆ ಪಾರ್ಟಿಗಳು. 2017ರ ಜುಲೈ 1ಕ್ಕೆ ಜಿಎಸ್‌ಟಿ ಬಂದಮೇಲೆ ನಮ್ಮ ತಿಂಗಳು ಮೂರು ತಾರೀಕಿನ ಸುತ್ತ ತಿರುಗುತ್ತದೆ. 11ಕ್ಕೆ ಮಾರಾಟದ ರಿಟರ್ನ್, 14ಕ್ಕೆ ಖರೀದಿಯ 2ಬಿ ಪಟ್ಟಿ ಬರುತ್ತದೆ, 20ಕ್ಕೆ ತೆರಿಗೆ ಲೆಕ್ಕ ಹಾಕಿ ಕಟ್ಟುವ 3ಬಿ ರಿಟರ್ನ್. ಮೊದಲೆಲ್ಲ ಆ 20ನೇ ತಾರೀಕು ಅಂದರೆ ನಾನು, ನಮ್ಮ ಸರ್, ಒಂದು ಪೊಟ್ಟಣ ಮಂಡಕ್ಕಿ ಮಿರ್ಚಿ, ರಾತ್ರಿ ಹನ್ನೊಂದು ಗಂಟೆ. ಈಗ ಹಾಗಿಲ್ಲ.

ಮೊದಲು ನಾನು ಹಂಚೋಕೆ ಹೋಗಿ ಕೆಟ್ಟ ಕಥೆ ಹೇಳುತ್ತೇನೆ.

ಫೀಸು ಬಾಕಿ ಇರುವವರ ಪಟ್ಟಿಯನ್ನು ಹೊಸದಾಗಿ ಸೇರಿದ್ದ ಹುಡುಗನಿಗೆ ಕೊಟ್ಟು "ಇದನ್ನ ಸ್ವಲ್ಪ ನೋಡ್ಕೊಳಪ್ಪ" ಅಂದೆ. ಅಷ್ಟೇ ಅಂದಿದ್ದು. ಅವನು ಪಾಪ, ಜಾಸ್ತಿ ಬಾಕಿ ಇರುವವರು ಮೇಲೆ ಬರಲಿ ಅಂತ ಮೊತ್ತದ ಕಾಲಂ ಒಂದನ್ನೇ ಸೆಲೆಕ್ಟ್ ಮಾಡಿ ಸಾರ್ಟ್ ಕೊಟ್ಟ. ಪಕ್ಕದ ಕಾಲಂಗಳನ್ನೂ ಸೇರಿಸಿಕೊಳ್ಳಲಾ ಅಂತ ಎಕ್ಸೆಲ್ ಕೇಳುತ್ತದೆ, ಇವನು ಬೇಡ ಅಂದಿದ್ದಾನೆ. ಹೆಸರು, ಫೋನ್ ನಂಬರ್ ಇದ್ದಲ್ಲೇ ಇದ್ದವು, ಮೊತ್ತ ಮಾತ್ರ ಮೇಲೆ ಕೆಳಗೆ. ಸೇವ್ ಮಾಡಿದ, ಎಲ್ಲರಿಗೂ ಮೆಸೇಜೂ ಕಳಿಸಿದ. ಮರುದಿನ ಬೆಳಿಗ್ಗೆ ಎರಡು ಸಾವಿರ ಕೊಡಬೇಕಿದ್ದ ಬಟ್ಟೆ ಅಂಗಡಿಯವರು "ಹದಿನೆಂಟು ಸಾವಿರ ಎಲ್ಲಿಂದ ಬಂತಮ್ಮ?" ಅಂತ ಫೋನ್ ಮಾಡಿದರು. ಹದಿನೆಂಟು ಸಾವಿರ ಕೊಡಬೇಕಿದ್ದವರು ಫೋನ್ ಮಾಡಲಿಲ್ಲ ಬಿಡಿ.

ಅವನನ್ನು ಬೈದೆ. ಆಮೇಲೆ ಎರಡು ವರ್ಷ ಯಾರಿಗೂ ಏನೂ ಕೊಡಲಿಲ್ಲ, ಎಲ್ಲ ನಾನೇ. ತಪ್ಪು ಅವನದು ಅಂತಲೇ ಅಂದುಕೊಂಡಿದ್ದೆ. ಈಗ ನೋಡಿದರೆ ಎರಡೂ ಕಡೆ ನನ್ನದೇ. ಆ ಪಟ್ಟಿಯೊಳಗೆ ಕರ್ಸರ್ ಇಟ್ಟು ಕಂಟ್ರೋಲ್ ಟಿ ಒತ್ತಿ ಟೇಬಲ್ ಮಾಡಿದ್ದರೆ, ಯಾವ ಕಾಲಂನಿಂದ ಸಾರ್ಟ್ ಮಾಡಿದರೂ ಇಡೀ ಸಾಲು ಒಟ್ಟಿಗೇ ಹೋಗುತ್ತಿತ್ತು. ಎರಡು ಸೆಕೆಂಡಿನ ಕೆಲಸ, ನನಗೆ ಗೊತ್ತಿರಲಿಲ್ಲ. "ನೋಡ್ಕೊ" ಅಂದರೆ ಏನು ಮಾಡಬೇಕು, ಕಳಿಸೋ ಮುಂಚೆ ಯಾರಿಗೆ ತೋರಿಸಬೇಕು ಅಂತಲೂ ನಾನು ಹೇಳಿರಲಿಲ್ಲ.

ಬುದ್ಧಿ ಬಂದದ್ದು ಅಮ್ಮನ ಕಣ್ಣಿನ ಆಪರೇಷನ್ನಿಗೆ ಅಂತ ಹುಬ್ಬಳ್ಳಿಗೆ ಹೋದಾಗ. ನಾಲ್ಕು ದಿನ ರಜೆ. ಆಸ್ಪತ್ರೆ ವರಾಂಡದಲ್ಲಿ ಕೂತರೆ ಗಂಟೆಗೊಂದು ಫೋನ್. "ಅಕ್ಕಾ, ಆ ಹಾರ್ಡ್‌ವೇರ್‌ನವರ ಫೈಲ್ ಎಲ್ಲಿದೆ?" ಡೆಸ್ಕ್‌ಟಾಪಿನಲ್ಲಿ. "ಡೆಸ್ಕ್‌ಟಾಪಿನಲ್ಲಿ ನ್ಯೂ, ನ್ಯೂ 1, ಫೈನಲ್, ಫೈನಲ್ ಒರಿಜಿನಲ್ ಅಂತ ನಾಲ್ಕಿದಾವಲ್ಲ ಅಕ್ಕಾ, ಯಾವುದು?" ನನಗೇ ಉತ್ತರ ಗೊತ್ತಿರಲಿಲ್ಲ.

ವಾಪಸ್ ಬಂದು ಮಾಡಿದ ಮೊದಲ ಕೆಲಸ ಫೈಲ್ ಹೆಸರು. ಮೊದಲು ವರ್ಷ, ಆಮೇಲೆ ತಿಂಗಳು ಎರಡು ಅಂಕಿಯಲ್ಲಿ, ಆಮೇಲೆ ಪಾರ್ಟಿ ಹೆಸರು, ಕೊನೆಗೆ ಅದು ಏನು ಅಂತ. ವರ್ಷ ಮೊದಲಿದ್ದರೆ ಫೋಲ್ಡರಿನಲ್ಲಿ ತಾನಾಗೇ ತಿಂಗಳ ಸಾಲಿಗೆ ನಿಲ್ಲುತ್ತದೆ. ಫೈನಲ್ ಅನ್ನುವ ಪದಕ್ಕೆ ಆಫೀಸಿನಲ್ಲಿ ನಿಷೇಧ. ತಮಾಷೆ ಅನಿಸಬಹುದು, ಆದರೆ ಅರ್ಧ ಫೋನ್ ಇದರಿಂದಲೇ ನಿಂತವು.

ಈಗ 2ಬಿ ಕಥೆ, ಯಾಕೆಂದರೆ ನಿಮ್ಮ ರಾತ್ರಿ ಎಂಟು ಗಂಟೆಯೂ ಇಲ್ಲೇ ಹೋಗ್ತಿರಬೇಕು. ಗೊತ್ತಿಲ್ಲದವರಿಗೆ ಹೇಳೋದಾದರೆ, ನಮ್ಮ ಪಾರ್ಟಿಗೆ ಮಾಲು ಕೊಟ್ಟವರು ಹಾಕಿದ ಬಿಲ್ಲುಗಳೆಲ್ಲ 2ಬಿಯಲ್ಲಿ ಬರುತ್ತವೆ. ಅದನ್ನು ನಾವು ಲೆಕ್ಕ ಬರೆಯುವ ಟ್ಯಾಲಿ ಸಾಫ್ಟ್‌ವೇರಿನ ಖರೀದಿ ಪಟ್ಟಿಗೆ ತಾಳೆ ನೋಡಬೇಕು, 2ಬಿಯಲ್ಲಿ ಇಲ್ಲದ ಬಿಲ್ಲಿಗೆ ಇನ್‌ಪುಟ್, ಅಂದರೆ ಖರೀದಿಯಲ್ಲಿ ಕೊಟ್ಟ ತೆರಿಗೆಯ ವಜಾ, ತೆಗೆದುಕೊಳ್ಳುವಂತಿಲ್ಲ. ನಾನು ಎರಡನ್ನೂ ಪ್ರಿಂಟ್ ತೆಗೆದು, ಸ್ಕೇಲ್ ಇಟ್ಟು, ಪೆನ್ಸಿಲ್ಲಿನಲ್ಲಿ ಟಿಕ್ ಹಾಕುತ್ತಿದ್ದೆ. ಇನ್ನೂರು ಬಿಲ್ಲಿನ ಪಾರ್ಟಿ ಅಂದರೆ ಅರ್ಧ ದಿನ.

ನಮ್ಮಲ್ಲಿ ಬಿ.ಕಾಂ ಮುಗಿಸಿ ಬಂದ ಹುಡುಗಿಯೊಬ್ಬಳು ಒಂದಿನ "ವಿಲುಕಪ್ ಹಾಕಬಹುದಲ್ವಾ ಅಕ್ಕಾ" ಅಂದಳು. ಒಂದು ಪಟ್ಟಿಯಲ್ಲಿರೋದನ್ನು ಇನ್ನೊಂದರಲ್ಲಿ ಹುಡುಕಿ ಕೊಡುವ ಎಕ್ಸೆಲ್ ಫಾರ್ಮುಲಾ ಅದು. ಹಾಕಿದೆವು. ಇಡೀ ಕಾಲಂ ಎನ್‌ಎ ಎನ್‌ಎ, ಅಂದರೆ ಸಿಗಲಿಲ್ಲ, ಅಂತ ಬಂತು. ನಾನು ಒಳಗೊಳಗೇ ಖುಷಿ ಪಟ್ಟೆ, ಸುಳ್ಳು ಯಾಕೆ ಹೇಳಲಿ. ಆಮೇಲೆ ಕೂತು ನೋಡಿದರೆ ಕಾರಣ ಸರಳ. ನಾವು ಟ್ಯಾಲಿಯಲ್ಲಿ ಬಿಲ್ ನಂಬರ್ 145 ಅಂತ ಹೊಡೆದಿದ್ದೇವೆ, ಮಾಲು ಕೊಟ್ಟವರು ಮುಂದೆ ಐಎನ್‌ವಿ, ಒಂದು ಅಡ್ಡಗೀಟು, ವರ್ಷ ಎಲ್ಲ ಸೇರಿಸಿ ಹಾಕಿದ್ದಾರೆ. ಇನ್ನು ಕೆಲವು ಕಡೆ ನಂಬರ್ ನೋಡೋಕೆ ನಂಬರ್, ಆದರೆ ಎಕ್ಸೆಲ್ ಅದನ್ನು ಅಕ್ಷರ ಅಂತ ತಿಳಿದುಕೊಂಡಿದೆ. ಅಂಥ ಸೆಲ್ಲಿನ ಮೂಲೆಯಲ್ಲಿ ಸಾಮಾನ್ಯವಾಗಿ ಸಣ್ಣ ಹಸಿರು ತ್ರಿಕೋನ ಇರುತ್ತದೆ.

ಕೊನೆಗೆ ಬಿಲ್ ನಂಬರ್ ಸಹವಾಸವನ್ನೇ ಬಿಟ್ಟೆವು. ಜಿಎಸ್‌ಟಿ ನಂಬರ್ ಇದೆಯಲ್ಲ, 15 ಅಕ್ಷರದ್ದು, ನಮ್ಮ ಕರ್ನಾಟಕದ್ದು 29ರಿಂದ ಶುರುವಾಗುತ್ತದೆ, ಅದನ್ನು ಯಾರೂ ತಮಗಿಷ್ಟ ಬಂದಂತೆ ಬರೆಯೋಕಾಗಲ್ಲ. ಆ ನಂಬರ್ ಮತ್ತು ಪೈಸೆ ಬಿಟ್ಟು ರೌಂಡ್ ಮಾಡಿದ ಬಿಲ್ ಮೊತ್ತ, ಎರಡನ್ನೂ ಒಂದೇ ಸೆಲ್ಲಿನಲ್ಲಿ ಅಂಟಿಸಿ ಹೊಸ ಕಾಲಂ ಮಾಡಿದೆವು. ಎರಡೂ ಶೀಟಿನಲ್ಲಿ ಅದೇ ಥರ. ಅದರ ಮೇಲೆ ವಿಲುಕಪ್ ಹಾಕಿದರೆ ಬಹುತೇಕ ಎಲ್ಲ ಕೂಡಿಬಂದವು. ಮಾಲು ಕೊಟ್ಟ ಒಬ್ಬರಿಂದಲೇ ಒಂದೇ ಮೊತ್ತದ ಎರಡು ಬಿಲ್ ಇದ್ದರೆ ಅದನ್ನು ಕಣ್ಣಲ್ಲೇ ನೋಡಬೇಕು. ಇನ್ನೊಂದು, ವಿಲುಕಪ್ಪಿನ ಕೊನೆಯಲ್ಲಿ ಸೊನ್ನೆ ಹಾಕೋದು ಮರೀಬೇಡಿ. ಮರೆತರೆ ಅದು ಹತ್ತಿರಹತ್ತಿರದ್ದು ಯಾವುದೋ ಸಿಕ್ಕಿತು ಅಂತ ತಪ್ಪು ಉತ್ತರವನ್ನೂ ಧೈರ್ಯವಾಗಿ ಕೊಟ್ಟುಬಿಡುತ್ತದೆ, ನಿಮಗೆ ಗೊತ್ತೂ ಆಗಲ್ಲ.

ಅರ್ಧ ದಿನದ ಕೆಲಸ ಇಪ್ಪತ್ತು ನಿಮಿಷಕ್ಕೆ ಬಂತು. ಸಂತೋಷ. ಆದರೆ ಇಷ್ಟಕ್ಕೇ ನಿಂತಿದ್ದರೆ ನಾನು ಇನ್ನೂ ಅರವತ್ತು ಪಾರ್ಟಿಗೆ ಒಬ್ಬಳೇ ವಿಲುಕಪ್ ಹಾಕುತ್ತಾ ಕೂತಿರುತ್ತಿದ್ದೆ. ಜಾಸ್ತಿ ಉಪಯೋಗ ಆದದ್ದು ಬೇರೆ. ಪೆನ್ಸಿಲ್ ಟಿಕ್ಕನ್ನು ಯಾರಿಗೂ ಕಲಿಸೋಕಾಗಲ್ಲ, ಅದು ನನ್ನ ಕಣ್ಣು, ನನ್ನ ಅಭ್ಯಾಸ. ಶೀಟ್ ಆದಮೇಲೆ ಅದು ಏಳು ಹೆಜ್ಜೆಯ ಕೆಲಸ, ಒಂದು ಹಾಳೆಯಲ್ಲಿ ಕನ್ನಡದಲ್ಲಿ ಬರೆದು ಗೋಡೆಗೆ ಅಂಟಿಸಬಹುದು. ಅಂಟಿಸಿದೆವು.

ಹಸ್ತಾಂತರ ಮಾಡಿದ್ದು ಹೀಗೆ. ಮೊದಲ ಪಾರ್ಟಿ ನಾನು ಮಾಡಿದೆ, ಆ ಬಿ.ಕಾಂ ಹುಡುಗಿ ನೋಡಿದಳು. ಎರಡನೆಯದು ಅವಳು ಮಾಡಿದಳು, ನಾನು ಪಕ್ಕದಲ್ಲಿ ಕೈ ಕಟ್ಟಿ ಕೂತೆ. ಇದೇ ಕಷ್ಟ. ಅವಳು ಮೆನು ಹುಡುಕುತ್ತಾ ಇದ್ದರೆ ನಮಗೆ ಕೈ ತುರಿಸುತ್ತದೆ, "ಕೊಡಿಲ್ಲಿ" ಅಂತ ಮೌಸ್ ಕಿತ್ತುಕೊಳ್ಳಬೇಕು ಅನಿಸುತ್ತದೆ. ಕಿತ್ತುಕೊಂಡರೆ ಮುಗೀತು, ಆ ಕೆಲಸ ಮತ್ತೆ ನಿಮ್ಮದೇ. ಮೂರನೆಯದು ಅವಳೊಬ್ಬಳೇ.

ಮತ್ತೆ ತುಂಡು ತುಂಡು ಕೊಡಬೇಡಿ. "ನೀನು ಡೌನ್‌ಲೋಡ್ ಮಾಡು, ಮಿಕ್ಕಿದ್ದು ನಾನು ನೋಡ್ತೀನಿ" ಅನ್ನೋದು ಹಂಚಿದ ಹಾಗಲ್ಲ. ಹದಿನೈದು ಪಾರ್ಟಿ ಪೂರ್ತಿ ಅವಳದು, ಅಂಗಡಿಯವರಿಗೆ ಫೋನ್ ಮಾಡಿ ಬಿಲ್ ತರಿಸೋದರಿಂದ ಹಿಡಿದು 3ಬಿ ಡ್ರಾಫ್ಟ್ ತನಕ. ಫೈಲ್ ಮಾಡೋದು, ಒಟಿಪಿ ತರಿಸೋದು ಮಾತ್ರ ನಾನು ಮತ್ತು ಸರ್. ಗೆರೆ ಎಲ್ಲಿ ಅಂತ ಬಾಯಿಬಿಟ್ಟು ಹೇಳಿದೆ. ಹತ್ತು ರೂಪಾಯಿ ಒಳಗಿನ ವ್ಯತ್ಯಾಸಕ್ಕೆ ತಲೆ ಕೆಡಿಸಿಕೊಳ್ಳಬೇಡ, ಐದು ಸಾವಿರ ದಾಟಿದರೆ ನನ್ನ ಹತ್ತಿರ ಬಾ, ನಡುವಿನದು ನೀನೇ ಪಾರ್ಟಿಗೆ ಕೇಳು. ಪ್ರಶ್ನೆಗಳನ್ನು ಬರೆದಿಟ್ಟುಕೊಂಡು ಬೆಳಿಗ್ಗೆ ಹನ್ನೊಂದಕ್ಕೆ ಒಂದ್ಸಲ, ಸಂಜೆ ನಾಲ್ಕಕ್ಕೆ ಒಂದ್ಸಲ ಕೇಳು. ನಾನು ಅವಳ ಕೆಲಸವನ್ನು ಪೂರ್ತಿ ಮತ್ತೆ ಮಾಡಲ್ಲ. ಮೂರೇ ನೋಡುತ್ತೇನೆ: ಬಿಲ್ಲುಗಳ ಎಣಿಕೆ, ತೆರಿಗೆ ಮುಂಚಿನ ಮೊತ್ತ, ತೆರಿಗೆ. ಮೂರೂ ಟ್ಯಾಲಿಗೆ ಕೂಡಿದರೆ ಮುಂದಕ್ಕೆ.

ನಿಮ್ಮ ಆಫೀಸಿನ ಹಿರಿಯರು ಕಂಪ್ಯೂಟರ್ ಮುಟ್ಟಲ್ಲ, ಅವರಿಗೆ ಏನು ಕೊಡೋದು ಅಂತಲೂ ಕೇಳಿದ್ದೀರಿ. ನಮ್ಮಲ್ಲೂ ಒಬ್ಬರಿದ್ದಾರೆ, ಮಂಡಿಯಲ್ಲಿ ಗುಮಾಸ್ತರಾಗಿ ಖಾತೆ ಕಿರ್ದಿ ಬರೆದವರು. ಅವರಿಗೆ ಎಕ್ಸೆಲ್ ಕಲಿಸೋಕೆ ಹೋಗಿ ಮೂರು ತಿಂಗಳು ಇಬ್ಬರೂ ಒದ್ದಾಡಿದೆವು, ಸುಮ್ನೆ. ಈಗ ಪ್ರಿಂಟ್ ತೆಗೆದು ಅವರ ಮುಂದೆ ಇಡುತ್ತೇವೆ. "ಈ ತಿಂಗಳು ಇವರಿಗೆ ಸಿಮೆಂಟ್ ಇಷ್ಟು ಕಮ್ಮಿ ಯಾಕೆ ಬಂತು?" ಅಂತ ಅವರು ಕೇಳೋ ಪ್ರಶ್ನೆ ಯಾವ ಫಾರ್ಮುಲಾನೂ ಕೇಳಲ್ಲ. ಅಂಗಡಿಯವರ ಹತ್ತಿರ ಬಾಕಿ ವಸೂಲಿ ಮಾಡೋದೂ ಅವರೇ. ಅವರು ಫೋನ್ ಮಾಡಿದರೆ ದುಡ್ಡು ಬರುತ್ತದೆ, ನಾನು ಮಾಡಿದರೆ "ನಾಳೆ ನೋಡೋಣಮ್ಮ" ಬರುತ್ತದೆ.

ಎಲ್ಲರಿಗೂ ಕಾಣುವ ಒಂದು ಗೂಗಲ್ ಶೀಟ್ ಮಾಡಿ. ಪಾರ್ಟಿ, ಬಿಲ್ ಬಂತಾ, ಎಂಟ್ರಿ ಆಯ್ತಾ, 2ಬಿ ತಾಳೆ, 3ಬಿ, ಯಾರ ಹೊಣೆ. ಇಷ್ಟೇ ಕಾಲಂ ಸಾಕು. ಪಾಸ್‌ವರ್ಡ್ ಮಾತ್ರ ಅದರಲ್ಲಿ ಬರೀಬೇಡಿ, ವಾಟ್ಸ್ಯಾಪ್ ಗ್ರೂಪಿನಲ್ಲೂ ಬೇಡ.

ಕನ್ನಡ ಟೈಪಿಂಗ್ ಬಗ್ಗೆ ಒಂದು ಮಾತು. ಹಳೇ ನುಡಿ ಫಾಂಟಿನಲ್ಲಿ ಹೊಡೆದ ಪತ್ರಗಳಿದ್ದರೆ ಯೂನಿಕೋಡಿಗೆ ಬದಲಾಯಿಸಿ ಇಟ್ಟುಕೊಳ್ಳಿ. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಅದು ಬರೀ ಇಂಗ್ಲಿಷ್ ಅಕ್ಷರದ ಕಸ, ಪಾರ್ಟಿ ಹೆಸರು ಹಾಕಿ ಹುಡುಕಿದರೂ ಸಿಗಲ್ಲ. ಸಿಗದ ಪತ್ರವನ್ನು ಮತ್ತೆ ಮೊದಲಿಂದ ಹೊಡೆಯೋದು ನಿಮ್ಮ ರಾತ್ರಿಯಲ್ಲೇ ಅಲ್ವಾ?

ಕೋರ್ಸ್ ಬೇಕಾ ಅಂದರೆ, ಈಗಲೇ ಬೇಡ. ಟೇಬಲ್, ಫಿಲ್ಟರ್, ವಿಲುಕಪ್, ಉದ್ದ ಪಟ್ಟಿಯನ್ನು ಗುಂಪು ಮಾಡಿ ಮೊತ್ತ ತೋರಿಸುವ ಪಿವಟ್, ಒಂದೇ ಪತ್ರವನ್ನು ಹಲವು ಹೆಸರಿಗೆ ಮಾಡಿಕೊಡುವ ವರ್ಡಿನ ಮೇಲ್ ಮರ್ಜ್, ಈ ಐದನ್ನು ವಾರಕ್ಕೊಂದರಂತೆ ನಿಮ್ಮದೇ ಫೈಲಿನ ನಕಲಿನ ಮೇಲೆ ಕಲಿಯಿರಿ. ಪಕ್ಕದಲ್ಲಿ ಹುಡುಗರನ್ನೂ ಕೂರಿಸಿಕೊಳ್ಳಿ. ವಿಂಡೋಸ್ ಕೀ ಜೊತೆ ವಿ ಒತ್ತಿದರೆ ಇತ್ತೀಚೆಗೆ ಕಾಪಿ ಮಾಡಿದವುಗಳ ಪಟ್ಟಿ ಸಿಗುತ್ತದೆ, ಮೊದಲ ಸಲ ಅದನ್ನು ಆನ್ ಮಾಡಬೇಕು, ಅಷ್ಟೇ. ನಮ್ಮ ಹುಡುಗರು ಇದನ್ನು ನೋಡಿ ವಿಲುಕಪ್ಪಿಗಿಂತ ಜಾಸ್ತಿ ಖುಷಿ ಪಟ್ಟರು.

ಆದರೆ 20 ಕಳೆಯೋ ತನಕ ಏನೂ ಬದಲಾಯಿಸಬೇಡಿ, ಗಲಾಟೆಯಾಗುತ್ತದೆ. 21ಕ್ಕೆ ಒಂದು ಸಣ್ಣ ಪಾರ್ಟಿ ಆರಿಸಿ, ಕಳೆದ ತಿಂಗಳ 2ಬಿ ಮೇಲೆ ಒಂದ್ಸಲ ಪ್ರಯೋಗ ಮಾಡಿ ನೋಡಿ. ಎನ್‌ಎ ಬಂದರೆ ಆ ಎರಡು ಕಾಲಂಗಳ ಫೋಟೋವನ್ನು ಹೆಸರು, ನಂಬರ್ ಮುಚ್ಚಿ ಇಲ್ಲೇ ಹಾಕಿ, ನೋಡಿ ಹೇಳುತ್ತೇನೆ.