ಕಳ್ಳ ಚೀಟಿ ಬರೆಯುವ ಬ್ಯಾಕ್ಟೀರಿಯಾ

ಪ್ರಶ್ನೆ: ನಮ್ಮ ಗದ್ದೆಗೂ ಭಾವನವರ ಗದ್ದೆಗೂ ನಡುವೆ ಒಂದೇ ಬದು. ಮಳೆ ಒಂದೇ, ನೀರು ಒಂದೇ. ನಮ್ಮ ಭತ್ತದ ಗರಿಗಳು ಅಂಚಿನಿಂದ ಒಣಗುತ್ತಾ ಒಣಹುಲ್ಲಿನ ಬಣ್ಣಕ್ಕೆ ತಿರುಗಿದವು. ಅವರು ಬೇರೆ ತಳಿ ಹಾಕಿದ್ದರು, ಅದು ಹಸಿರಾಗಿಯೇ ಇದೆ. ಕೃಷಿ ಕಚೇರಿಯಲ್ಲಿ ಕೇಳಿದರೆ ದುಂಡಾಣು ಅಂಗಮಾರಿ ರೋಗ ಎಂದರು. ರಕ್ತವೇ ಇಲ್ಲದ ಗಿಡ ರೋಗದೊಂದಿಗೆ ಹೋರಾಡುತ್ತದೆಯೇ? ಹಾಗಿದ್ದರೆ ನಮ್ಮದು ಏಕೆ ಸೋತಿತು?
— ಒಬ್ಬ ರೈತ ಮಹಿಳೆ, ಹೊಸನಗರ ತಾಲ್ಲೂಕು

ಉತ್ತರ: ಹೋರಾಡುತ್ತದೆ, ತಾಯಿ. ನಿಮ್ಮದೂ ಹೋರಾಡಿಯೇ ಸೋತದ್ದು.

ಮೊದಲು ರೋಗ ಅದೇ ಹೌದೋ ಎಂದು ನೋಡಿಕೊಳ್ಳಿ. ಈಗಷ್ಟೇ ಒಣಗತೊಡಗಿದ ಗರಿಯನ್ನು ಕತ್ತರಿಸಿ ಗಾಜಿನ ಲೋಟದ ತಿಳಿನೀರಿನಲ್ಲಿ ನಿಲ್ಲಿಸಿ. ಕತ್ತರಿಸಿದ ಜಾಗದಿಂದ ಹಾಲಿನಂಥ ಎಳೆ ಇಳಿದರೆ ಅದು ಗಿಡದ ರಸವಲ್ಲ, ಕ್ಸಾಂಥೊಮೊನಾಸ್ ಒರೈಝೆ ಎಂಬ ಬ್ಯಾಕ್ಟೀರಿಯಾದ ಹಿಂಡು. ಬೆಳಗಿನ ಹೊತ್ತು ಗರಿಯ ತುದಿ, ಅಂಚುಗಳಲ್ಲಿ ಮಣಿಯಂತೆ ನಿಲ್ಲುವ ಹನಿಗಳನ್ನೆಲ್ಲ ನಾವು ಇಬ್ಬನಿ ಎಂದುಬಿಡುತ್ತೇವೆ. ಅದರಲ್ಲಿ ಗಿಡವೇ ಹೊರಹಾಕಿದ ನೀರೂ ಇರುತ್ತದೆ. ಆ ನೀರು ಬರುವ ಸಣ್ಣ ಕಂಡಿಗಳೇ ಇದರ ಒಳದಾರಿ. ಗರಿ ಅಂಚಿನಿಂದ ಒಣಗುವುದು ಅದಕ್ಕೇ.

ಇನ್ನು ಹೋರಾಟದ ಮಾತು. ನಮ್ಮ ರಕ್ತದಲ್ಲಿ ತಿರುಗುವ ಬಿಳಿ ಕಣಗಳಂತೆ ಗಿಡದೊಳಗೆ ಓಡಾಡುವ ಕಾವಲುಗಾರರಿಲ್ಲ. ಪ್ರತಿಯೊಂದು ಜೀವಕೋಶವೂ ತನ್ನ ಬಾಗಿಲನ್ನು ತಾನೇ ಕಾಯಬೇಕು. ಹೊರಮೈಯ ಪ್ರೋಟೀನುಗಳಿಗೆ ಬ್ಯಾಕ್ಟೀರಿಯಾದ ಸುಳಿವು ಸಿಕ್ಕರೆ ಕೋಶ ತನ್ನ ಗೋಡೆಯನ್ನು ಬಲಪಡಿಸುತ್ತದೆ, ರಕ್ಷಣೆಯ ಜೀನುಗಳನ್ನು ಎಬ್ಬಿಸುತ್ತದೆ. ಬ್ಯಾಕ್ಟೀರಿಯಾವೂ ಸುಮ್ಮನಿರುವುದಿಲ್ಲ. ಸೂಜಿಯಂಥ ಕೊಳವೆಯಿಂದ ತನ್ನ ಪ್ರೋಟೀನುಗಳನ್ನು ಕೋಶದೊಳಕ್ಕೆ ಚುಚ್ಚುತ್ತದೆ. ಅವುಗಳಲ್ಲಿ ಕೆಲವು ಈ ಎಚ್ಚರಿಕೆಯನ್ನೇ ಅಡಗಿಸುತ್ತವೆ. ನನಗೆ ಇಂದಿಗೂ ಸೋಜಿಗವೆನಿಸುವುದು ಟಾಲ್ ಎಂಬ ಇನ್ನೊಂದು ಬಗೆ.

ನಮ್ಮ ಕಡೆಯ ಮದುವೆ ಮನೆಯ ಉಗ್ರಾಣವನ್ನು ನೆನಪಿಸಿಕೊಳ್ಳಿ. ಯಜಮಾನರ ಕೈಬರಹದ ಚೀಟಿ ಬಂದರೆ ಉಗ್ರಾಣದವನು ಮರುಮಾತಿಲ್ಲದೆ ಸಕ್ಕರೆ ಅಳೆದು ಕೊಡುತ್ತಾನೆ. ಟಾಲ್ ಪ್ರೋಟೀನು ಅಂಥ ಕಳ್ಳ ಚೀಟಿ. ಭತ್ತದ ಕೋಶಕೇಂದ್ರಕ್ಕೆ ಹೋಗಿ, ಸ್ವೀಟ್ ಎಂಬ ಜೀನಿನ ಮುಂಭಾಗದ ಡಿಎನ್‌ಎಗೆ ಅಂಟಿಕೊಂಡು ಅದನ್ನು ಚಾಲೂ ಮಾಡುತ್ತದೆ. ಕೋಶ ತನ್ನ ಸಕ್ಕರೆಯನ್ನು ತಾನೇ ಹೊರಗೆ ಬಿಡುತ್ತದೆ. ಹೊರಗೆ ಬ್ಯಾಕ್ಟೀರಿಯಾದ ಪಂಕ್ತಿ ಕುಳಿತಿರುತ್ತದೆ! ಟಾಲ್‌ನ ಸುಮಾರು 34 ಅಮೈನೋ ಆಮ್ಲಗಳ ಒಂದೊಂದು ತುಂಡೂ ಡಿಎನ್‌ಎಯ ಒಂದೊಂದು ಅಕ್ಷರವನ್ನು ಗುರುತಿಸುತ್ತದೆ ಎಂಬ ಗುಟ್ಟು ಬಯಲಾದದ್ದು 2009ರಲ್ಲಿ.

ಎಕ್ಸ್‌ಎ13 ಎಂಬ ಗುಣವಿರುವ ತಳಿಗಳಲ್ಲಿ ಅಂಥ ಒಂದು ಸ್ವೀಟ್ ಜೀನಿನ ಮುಂದಿನ ಅಕ್ಷರಗಳೇ ಬದಲಾಗಿವೆ. ಚೀಟಿ ಬಂದರೂ ಉಗ್ರಾಣದ ವಿಳಾಸ ಸಿಗುವುದಿಲ್ಲ. ಎಕ್ಸ್‌ಎ27 ಎಂಬ ಜೀನು ಇನ್ನೂ ಕಿಲಾಡಿ: ಅದರ ಮುಂದೆ ಚೀಟಿಗೆ ಬೇಕಾದ ವಿಳಾಸವೇ ಇದೆ, ಆದರೆ ಬಾಗಿಲು ತೆರೆದರೆ ಸಿಗುವುದು ಸಕ್ಕರೆಯಲ್ಲ, ಗಿಡದ ಪ್ರತಿದಾಳಿ. ಆಫ್ರಿಕಾದ ಕಾಡುಭತ್ತದಿಂದ ಬಂದ ಎಕ್ಸ್‌ಎ21 ಚೀಟಿಯ ತಂಟೆಗೇ ಹೋಗದೆ ಹೊರಬಾಗಿಲಿನಲ್ಲಿಯೇ ಕಳ್ಳನನ್ನು ಗುರುತಿಸುತ್ತದೆ. ಬೇರೆ ಸ್ವೀಟ್ ಜೀನಿಗೆ ಚೀಟಿ ಬರೆಯಬಲ್ಲ ಬ್ಯಾಕ್ಟೀರಿಯಾಗಳೂ ಇರುವುದರಿಂದ ಒಂದೇ ಕಾವಲು ಸಾಲದು. ಹೈದರಾಬಾದಿನ ವಿಜ್ಞಾನಿಗಳು ಸಾಂಬಾ ಮಸೂರಿಗೆ ಎಕ್ಸ್‌ಎ21, ಎಕ್ಸ್‌ಎ13 ಮತ್ತು ಎಕ್ಸ್‌ಎ5 ಎಂಬ ಇನ್ನೊಂದು ಕಾವಲು, ಹೀಗೆ ಮೂರನ್ನೂ ತಳಿಸಂಕರಣದಿಂದ ಸೇರಿಸಿದರು. ಆ ಸುಧಾರಿತ ತಳಿ 2008ರಲ್ಲಿ ಬಿಡುಗಡೆಯಾಯಿತು. ಕುಲಾಂತರಿ ಎಂದು ಯಾರಾದರೂ ಹೆದರಿಸಿದರೆ ನಂಬಬೇಡಿ.

ತಪ್ಪೆಲ್ಲ ತಳಿಯದೇ ಎಂದು ಹೇಳಲು ನನಗೆ ಬಾಯಿ ಬರುವುದಿಲ್ಲ. ತೀರ್ಥಹಳ್ಳಿ ಬಳಿಯ ನನ್ನ ಎರಡು ಎಕರೆಯಲ್ಲಿ ಒಂದು ವರ್ಷ ಗದ್ದೆ ಕಪ್ಪುಹಸಿರಾಗಲಿ ಎಂದು ಯೂರಿಯಾ ಸುರಿದೆ. ನಾಟಿಗೆ ಸುಲಭವೆಂದು ಬಲಿತ ಸಸಿಗಳ ತುದಿಯನ್ನೂ ಕತ್ತರಿಸಿದೆ. ಪಾಠ ಹೇಳುತ್ತಿದ್ದವನು ನಾನೇ! ಕತ್ತರಿಸಿದ ತುದಿಯೆಂದರೆ ತೆರೆದ ಬಾಗಿಲು, ಹೆಚ್ಚಾದ ಸಾರಜನಕವೆಂದರೆ ಈ ರೋಗಕ್ಕೆ ಹಬ್ಬ. ಆ ವರ್ಷ ಮನೆಗೆ ಬಂದದ್ದರಲ್ಲಿ ಜೊಳ್ಳೇ ಹೆಚ್ಚು.

ಒಣಗಿದ ಗರಿ ಮತ್ತೆ ಹಸಿರಾಗುವುದಿಲ್ಲ. ಮೇಲುಗೊಬ್ಬರವಾಗಿ ಯೂರಿಯಾ ಕೊಡುವುದಿದ್ದರೆ ನಿಲ್ಲಿಸಿ, ನಿಮ್ಮ ಗದ್ದೆಯ ನೀರು ಕೆಳಗಿನವರ ಗದ್ದೆಗೆ ಹೋಗದಂತೆ ಕಂಡಿ ಕಟ್ಟಿ. ಭಾವನವರ ತಳಿಯ ಹೆಸರನ್ನು ನೀವು ಬರೆದಿಲ್ಲ. ಬಿತ್ತನೆ ಬೀಜದ ಚೀಲವನ್ನು ಅವರು ಇನ್ನೂ ಇಟ್ಟುಕೊಂಡಿದ್ದರೆ ಅದರ ಮೇಲಿರುವುದನ್ನು ಇದ್ದಂತೆಯೇ ಬರೆದು ಕಳುಹಿಸಿ.