10 ಪರ್ಸೆಂಟ್ ಕತ್ತರಿಸೋದು ಎಲ್ಲಿಂದ?

ಅಮೆರಿಕದ ಕಾದಂಬರಿಕಾರ ಸ್ಟೀಫನ್ ಕಿಂಗ್ ಹೇಳೋ ಹಾಗೆ ಎರಡನೇ ಡ್ರಾಫ್ಟಲ್ಲಿ 10 ಪರ್ಸೆಂಟ್ ಕತ್ತರಿಸಬೇಕು, ಆದ್ರೆ 3000 ಪದದ ಕಥೇಲಿ ಎಲ್ಲಿಂದ ಶುರು ಮಾಡ್ಲಿ ಅಂತ ಕೇಳಿದ್ರಲ್ಲ, ಮೊದ್ಲು ಕತ್ತರಿ ಕೆಳಗಿಡಿ. 2000ದಲ್ಲಿ ಬಂದ 'ಆನ್ ರೈಟಿಂಗ್' ಪುಸ್ತಕದಲ್ಲೇ ಅವರು ಇನ್ನೊಂದು ಮಾತೂ ಹೇಳಿದಾರೆ, ಬರೆದು ಮುಗಿಸಿದ್ಮೇಲೆ ಕನಿಷ್ಠ 6 ವಾರ ಡ್ರಾಯರಲ್ಲಿ ಇಟ್ಬಿಡಿ ಅಂತ (ಅದು ಕಾದಂಬರಿಗೆ, ನಿಮ್ಮ ಕಥೆಗೆ ಹತ್ತು ದಿನ ಸಾಕು ಅನ್ಸತ್ತೆ ನಂಗೆ). ಆಮೇಲೆ ಬಾಯ್ಬಿಟ್ಟು ಓದ್ತಾ 'ಆಗಿ', 'ಇಂದ' ಅಂತ ಮುಗಿಯೋ ಪದಗಳ ಕೆಳಗೆಲ್ಲ ಗೆರೆ ಎಳೀರಿ, ಕಿಂಗ್ ಬಯ್ಯೋ, ಕೆಲಸ ಹೇಗೆ ನಡೀತು ಅಂತ ಹೇಳೋ ಆಡ್‌ವರ್ಬ್‌ಗಳು ನಮ್ಮಲ್ಲಿ ಹೆಚ್ಚಾಗಿ ಅಲ್ಲೇ ಕೂತಿರ್ತವೆ. ನಾನು 'ಅವಳು ಸಿಟ್ಟಿನಿಂದ ಬಾಗಿಲನ್ನು ಜೋರಾಗಿ ದಢಾರನೆ ಹಾಕಿದಳು' ಅಂತ ಬರೆದಿದ್ದೆ, ಈಗ 'ಬಾಗಿಲು ದಢಾರನೆ ಹಾಕಿದಳು' ಅಷ್ಟೇ, ಸಿಟ್ಟು ಅದ್ರಲ್ಲೇ ಕೇಳ್ಸತ್ತೆ. ಪ್ರಶ್ನೆ ಜೊತೆ ನೀವು ಹಾಕಿರೋ ಕಥೆಯ ಪ್ಯಾರಾದಲ್ಲಿ ಅಜ್ಜಿ ಮಾತಾಡೋ ಜಾಗ ಮಾತ್ರ ದಯವಿಟ್ಟು ಮುಟ್ಬೇಡಿ, ಕಥೆ ಜೀವ ಇರೋದೇ ಅಲ್ಲಿ.