ಎದೆ ಮುಚ್ಚುವ ಮುನ್ನ: ಗ್ರಾಫ್ಟ್‌ನಲ್ಲಿ ರಕ್ತ ಹರಿಯುತ್ತಿದೆಯೇ?

ಹೃದಯದ ನಾಳದಲ್ಲಿನ ಅಡಚಣೆಯನ್ನು ಬಳಸಿ ರಕ್ತ ಹೋಗುವಂತೆ ಹೊಲಿಯುವ ಎದೆ, ಕಾಲು ಅಥವಾ ಕೈಯ ನಾಳವೇ ಗ್ರಾಫ್ಟ್. ಬೈಪಾಸ್ ಶಸ್ತ್ರಚಿಕಿತ್ಸೆಯ ಹೊತ್ತಿನಲ್ಲೇ ಗ್ರಾಫ್ಟ್‌ನ ಹರಿವನ್ನು ಅಳೆಯುವ ಕ್ರಮದ ಬಗ್ಗೆ ಓದುಗರು ಕೇಳಿದ ಪ್ರಶ್ನೆಗಳಿಗೆ ಈ ಸಂಚಿಕೆಯಲ್ಲಿ ಉತ್ತರ.

ಪ್ರಶ್ನೆ: ನಮ್ಮ ತಂದೆಯವರಿಗೆ ಬೈಪಾಸ್ ಆಗಿದೆ. ಡಿಸ್ಚಾರ್ಜ್ ಹಾಳೆಯಲ್ಲಿ "ಲಿಮಾ–ಎಲ್‌ಎಡಿ: ಹರಿವು 32, ಪಿಐ 2.1, ಡಿಎಫ್ 70" ಎಂದು ಬರೆದಿದ್ದಾರೆ. ಹಾಗೆಂದರೇನು? ಗಾಬರಿಪಡಬೇಕೆ?

ಉತ್ತರ: ಗಾಬರಿ ಬೇಡ, ಮೂರೂ ಒಳ್ಳೆಯ ಸಂಖ್ಯೆಗಳೇ. ಎದೆಗೂಡಿನ ಒಳಗೋಡೆಯ ಎಡಭಾಗದಲ್ಲಿ ಇಳಿದು ಬರುವ ಮ್ಯಾಮರಿ ಅಪಧಮನಿಗೆ ಲಿಮಾ ಎನ್ನುತ್ತಾರೆ. ಹೃದಯದ ಮುಂಭಾಗಕ್ಕೆ ರಕ್ತ ಕೊಡುವ ಮುಖ್ಯ ಕರೊನರಿ ನಾಳ ಎಲ್‌ಎಡಿ. ಲಿಮಾದ ಕೆಳತುದಿಯನ್ನು ಬಿಡಿಸಿಕೊಂಡು, ಎಲ್‌ಎಡಿಯಲ್ಲಿ ಅಡಚಣೆ ಇರುವ ಜಾಗದಿಂದ ಮುಂದಕ್ಕೆ ಹೊಲಿದಿದ್ದಾರೆ.

32 ಎಂದರೆ ಆ ಗ್ರಾಫ್ಟ್‌ನಲ್ಲಿ ನಿಮಿಷಕ್ಕೆ ಸರಾಸರಿ 32 ಮಿಲಿ ಲೀಟರ್ ರಕ್ತ ಹರಿಯುತ್ತಿತ್ತು ಎಂದರ್ಥ. ಪಿಐ ಎಂಬುದು ಪಲ್ಸಟಿಲಿಟಿ ಇಂಡೆಕ್ಸ್. ಒಂದು ಬಡಿತದೊಳಗಿನ ಗರಿಷ್ಠ ಹರಿವಿನಿಂದ ಕನಿಷ್ಠ ಹರಿವನ್ನು ಕಳೆದು, ಬಂದದ್ದನ್ನು ಸರಾಸರಿಯಿಂದ ಭಾಗಿಸಿದರೆ ಅದು ಸಿಗುತ್ತದೆ. ಗರಿಷ್ಠ 70, ಕನಿಷ್ಠ 3, ಸರಾಸರಿ 32 ಇದ್ದರೆ 67ನ್ನು 32ರಿಂದ ಭಾಗಿಸಬೇಕು, ಉತ್ತರ 2.1. ಅಡಚಣೆ ಇರುವ ಗ್ರಾಫ್ಟ್‌ನಲ್ಲಿ ರಕ್ತ ಮುಂದೆ ನುಗ್ಗಿ, ದಾರಿ ಕಾಣದೆ ಹಿಂದಕ್ಕೆ ಬರುತ್ತದೆ. ಆಗ ಗರಿಷ್ಠ 40, ಕನಿಷ್ಠ ಸೊನ್ನೆಗಿಂತ 25 ಕೆಳಗೆ, ಸರಾಸರಿ ಬರೀ 8 ಆಗಬಹುದು. ಪಿಐ 8 ದಾಟುತ್ತದೆ.

ಡಿಎಫ್ ಎಂದರೆ ಒಟ್ಟು ಹರಿವಿನಲ್ಲಿ ಹೃದಯ ಸಡಿಲಗೊಂಡಿರುವಾಗ, ಅಂದರೆ ಡಯಾಸ್ಟೊಲ್‌ನಲ್ಲಿ, ಹರಿದ ಪಾಲು. ಎಡ ಹೃತ್ಕುಕ್ಷಿಯ ದಪ್ಪ ಸ್ನಾಯು ಕುಗ್ಗುವಾಗ ತನ್ನೊಳಗಿನ ಸಣ್ಣ ನಾಳಗಳನ್ನು ತಾನೇ ಹಿಂಡುತ್ತದೆ. ಆದ್ದರಿಂದ ಎಡಭಾಗದ ಗ್ರಾಫ್ಟ್‌ಗಳಲ್ಲಿ ಅರ್ಧಕ್ಕಿಂತ ಹೆಚ್ಚು ರಕ್ತ ಡಯಾಸ್ಟೊಲ್‌ನಲ್ಲೇ ಹರಿಯಬೇಕು. ಬಲಭಾಗದ ಗೋಡೆ ತೆಳು; ಅಲ್ಲಿ ಶೇ. 45ರ ಆಸುಪಾಸು ಬಂದರೂ ಒಪ್ಪಬಹುದು.

ಪ್ರಶ್ನೆ: ಗ್ರಾಫ್ಟ್ ಮೇಲೆ ಬೆರಳಿಟ್ಟರೆ ಮಿಡಿತ ಸಿಗುತ್ತದಲ್ಲ, ಯಂತ್ರದ ಅಗತ್ಯವೇನು? (ನರ್ಸಿಂಗ್ ವಿದ್ಯಾರ್ಥಿನಿ)

ಉತ್ತರ: ಮಿಡಿತ ಬೇರೆ, ಹರಿವು ಬೇರೆ. ಮುಂದೆ ಪೂರ್ತಿ ಕಟ್ಟಿಕೊಂಡಿರುವ ನಾಳವೂ ಬೆರಳಿಗೆ ಚೆನ್ನಾಗಿಯೇ ಬಡಿಯುತ್ತದೆ, ಏಕೆಂದರೆ ಒತ್ತಡದ ಅಲೆ ಅಲ್ಲಿಯವರೆಗೂ ಬಂದು ಮುಟ್ಟುತ್ತದೆ. ಬೆರಳನ್ನು ನಂಬಿ ಎದೆ ಮುಚ್ಚಿದರೆ ಆ ತಪ್ಪು ಹೊರಗೆ ಬರುವುದು ಐಸಿಯುನಲ್ಲಿ, ಇಸಿಜಿ ಬದಲಾದಾಗ ಅಥವಾ ಬಿ.ಪಿ. ಕುಸಿದಾಗ. ಎದೆ ತೆರೆದಿರುವಾಗ ಅದನ್ನು ಸರಿಪಡಿಸಲು ಸಾಮಾನ್ಯವಾಗಿ ಕೆಲವು ಹೊಲಿಗೆಗಳು ಸಾಕು. ಹರಿವು ಅಳೆಯುವುದಕ್ಕೆ ಗ್ರಾಫ್ಟ್ ಒಂದಕ್ಕೆ ಒಂದೆರಡು ನಿಮಿಷವೂ ಬೇಡ. 2018ರ ಯುರೋಪಿನ ಹೃದ್ರೋಗ ಮಾರ್ಗಸೂಚಿಯೂ ಇದನ್ನು ವಾಡಿಕೆಯಾಗಿ ಮಾಡುವುದನ್ನು ಪರಿಗಣಿಸಬೇಕು ಎಂದೇ ಹೇಳುತ್ತದೆ.

ಪ್ರಶ್ನೆ: ನಾನು ಪರ್ಫ್ಯೂಷನ್ (ಹೃದಯ–ಶ್ವಾಸಕೋಶ ಯಂತ್ರ ನಡೆಸುವ) ತರಬೇತಿಯಲ್ಲಿದ್ದೇನೆ. ಒಂದೇ ಗ್ರಾಫ್ಟ್‌ನಲ್ಲಿ ಒಮ್ಮೆ 15, ಮತ್ತೊಮ್ಮೆ 40 ತೋರಿಸುತ್ತದೆ. ಸರಿಯಾದ ಕ್ರಮ ಯಾವುದು?

ಉತ್ತರ: ಮೊದಲು ಯಂತ್ರ ಏನು ಮಾಡುತ್ತದೆ ಎಂಬುದು ಮನಸ್ಸಿನಲ್ಲಿರಲಿ. ನಾಳವನ್ನು ಕಿಂಡಿಯೊಳಗೆ ಹಿಡಿಯುವ ಅದರ ಪುಟ್ಟ ತುದಿಯೇ ಪ್ರೋಬ್. ಪ್ರೋಬ್‌ನ ಒಂದು ಬದಿಯಲ್ಲಿ ಎರಡು ಸ್ಫಟಿಕ, ಎದುರು ಬದಿಯಲ್ಲಿ ಪ್ರತಿಫಲಕ. ಅಲ್ಟ್ರಾಸೌಂಡ್ ಒಮ್ಮೆ ಹರಿವಿನ ಜೊತೆಗೆ, ಒಮ್ಮೆ ಹರಿವಿಗೆ ಎದುರಾಗಿ ಸಾಗುತ್ತದೆ. ಎದುರಾಗಿ ಹೋದದ್ದು ತುಸು ತಡವಾಗಿ ತಲುಪುತ್ತದೆ; ಆ ಅಂತರದಿಂದಲೇ ಹರಿವಿನ ಲೆಕ್ಕ. ನಾಳದ ಇಡೀ ಅಗಲ ಕಿರಣದೊಳಗೆ ಬರುವುದರಿಂದ ವ್ಯಾಸವನ್ನು ಬೇರೆ ಅಳೆಯಬೇಕಿಲ್ಲ. ವೇಗವನ್ನಷ್ಟೇ ಹೇಳುವ, ಕೋನ ತಪ್ಪಿದರೆ ಲೆಕ್ಕವೂ ತಪ್ಪುವ ಡಾಪ್ಲರ್‌ಗಿಂತ ಇದು ಮೇಲು ಎನ್ನುವುದು ಅದಕ್ಕೇ.

ಈಗ ನಿಮ್ಮ 15 ಮತ್ತು 40ರ ವಿಷಯ. ಬಹಳ ಸಲ ತಪ್ಪುವುದು ಪ್ರೋಬ್‌ನ ಅಳತೆಯಲ್ಲಿ. ಕಿಂಡಿಯ ಕನಿಷ್ಠ ಮುಕ್ಕಾಲು ಭಾಗವನ್ನು ನಾಳ ತುಂಬಬೇಕು, ಆದರೆ ಹಿಂಡಿದಂತಾಗಬಾರದು. ಮ್ಯಾಮರಿಗೆ ಸಾಮಾನ್ಯವಾಗಿ 2 ಅಥವಾ 3 ಮಿ.ಮೀ., ಕಾಲಿನ ಸಿರೆಗೆ 3 ಅಥವಾ 4 ಮಿ.ಮೀ. ಪ್ರೋಬ್ ಹೊಂದುತ್ತದೆ. ನಾಳಕ್ಕೂ ಪ್ರೋಬ್‌ಗೂ ನಡುವೆ ಗಾಳಿ ಉಳಿದರೆ ಅಲ್ಟ್ರಾಸೌಂಡ್ ದಾಟುವುದಿಲ್ಲ, ಹಾಗಾಗಿ ಸ್ಟೆರೈಲ್ ಜೆಲ್ ಅಥವಾ ಸಲೈನ್ ಧಾರಾಳವಾಗಿ ಹಾಕಿ. ಸಂಪರ್ಕದ ಗುಣಮಟ್ಟವನ್ನು ಪರದೆಯ ಮೇಲೆ ತೋರಿಸುವ ಯಂತ್ರವಾದರೆ ಅದು ಶೇ. 50ಕ್ಕಿಂತ ಮೇಲಿರುವಾಗ ಮಾತ್ರ ಸಂಖ್ಯೆಯನ್ನು ನಂಬಿ. ಮ್ಯಾಮರಿಯನ್ನು ಸುತ್ತಲಿನ ಕೊಬ್ಬಿನ ಸಮೇತ ಇಳಿಸಿದ್ದರೆ, ಪ್ರೋಬ್ ಕೂರುವಷ್ಟು ಜಾಗವನ್ನು ಸರ್ಜನ್ ಮೊದಲೇ ಬಿಡಿಸಿಟ್ಟುಕೊಳ್ಳಬೇಕು. ಕೊಬ್ಬು ಧ್ವನಿಯನ್ನು ನುಂಗುತ್ತದೆ.

ಪ್ರೋಬ್ ಇಡುವ ಜಾಗ ಕರೊನರಿಯ ಹೊಲಿಗೆಗೆ ಹತ್ತಿರವಿರಲಿ, ಪ್ರತಿ ಸಲವೂ ಅದೇ ಇರಲಿ. ಮ್ಯಾಮರಿಯ ಮೇಲ್ಭಾಗದಲ್ಲಿ ಅಳೆದರೆ ಸಿಸ್ಟೊಲ್ (ಹೃದಯ ಕುಗ್ಗುವ ಹೊತ್ತಿನ) ಪಾಲು ಹೆಚ್ಚಾಗಿ ಕಂಡು ಡಿಎಫ್ ಕಡಿಮೆ ತೋರುತ್ತದೆ. ಇಸಿಜಿ ತಂತಿ ಯಂತ್ರಕ್ಕೆ ಸೇರಿರಬೇಕು, ಇಲ್ಲದಿದ್ದರೆ ಸಿಸ್ಟೊಲ್ ಯಾವುದು, ಡಯಾಸ್ಟೊಲ್ ಯಾವುದು ಎಂದು ಅದಕ್ಕೆ ತಿಳಿಯುವುದಿಲ್ಲ.

ಇನ್ನು ರಕ್ತದೊತ್ತಡ. ಸರಾಸರಿ ಒತ್ತಡ 55 ಇರುವಾಗ ಬಂದ ಹರಿವನ್ನು 80 ಇರುವಾಗಿನದಕ್ಕೆ ಹೋಲಿಸಿದರೆ ಅರ್ಥವಿಲ್ಲ. ಸುಮಾರು 80ಕ್ಕೆ ತಂದು ಅಳೆಯಿರಿ, ಹರಿವಿನ ಪಕ್ಕದಲ್ಲೇ ಒತ್ತಡವನ್ನೂ ಬರೆಯಿರಿ. ಹೃದಯದ ಹಿಂಬದಿಯ ಗ್ರಾಫ್ಟ್ ನೋಡಲು ಹೃದಯವನ್ನು ಎತ್ತಿದಾಗ ಒತ್ತಡವೂ ಇಳಿಯುತ್ತದೆ, ಗ್ರಾಫ್ಟ್ ಕೂಡ ಬಾಗುತ್ತದೆ. ಪ್ರೋಬ್ ಕೂರಿಸಿ, ಹೃದಯವನ್ನು ಅದರ ಜಾಗಕ್ಕೆ ಮರಳಿಸಿ, ಅಲೆ ಸ್ಥಿರವಾದ ಮೇಲೆ ದಾಖಲಿಸಿ.

ಸಮಯದ ಬಗ್ಗೆಯೂ ಒಂದು ಮಾತು. ಪಂಪ್ (ಹೃದಯ–ಶ್ವಾಸಕೋಶ ಯಂತ್ರ) ಮೇಲಿರುವಾಗ ಮಿಡಿತವೇ ಸಹಜವಾಗಿರುವುದಿಲ್ಲವಾದ್ದರಿಂದ ಪಿಐಗೆ ಬೆಲೆಯಿಲ್ಲ. ದೊಡ್ಡ ತಪ್ಪೇನಾದರೂ ಇದೆಯೇ ಎಂದಷ್ಟೇ ಆಗ ನೋಡಬಹುದು. ನಿಜವಾದ ಅಳತೆ ಪಂಪ್‌ನಿಂದ ಇಳಿದ ಮೇಲೆ, ಹೆಪಾರಿನ್‌ನ ಪರಿಣಾಮ ಅಳಿಸುವ ಪ್ರೋಟಮಿನ್ ಕೊಡುವ ಮುನ್ನ. ಆಗ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಹೆಪಾರಿನ್ ಇನ್ನೂ ಕೆಲಸ ಮಾಡುತ್ತಿರುತ್ತದೆ, ಮರಳಿ ಹೊಲಿಯಬೇಕಾದರೆ ಎಲ್ಲವೂ ಸಿದ್ಧವಿರುತ್ತದೆ. ಪ್ರೋಟಮಿನ್ ನಂತರ, ಎದೆ ಮುಚ್ಚುವ ಮುಂಚೆ ಇನ್ನೊಮ್ಮೆ ಅಳೆಯಿರಿ. ಈ ಎರಡನೆಯ ಅಳತೆಯನ್ನು ಬಿಟ್ಟುಬಿಡುವವರು ಹಲವರು. ಗ್ರಾಫ್ಟ್‌ಗಳು ತಮ್ಮ ಕೊನೆಯ ಭಂಗಿಗೆ ಬರುವುದೇ ಆಗ, ಹಾಗಾಗಿ ದಯವಿಟ್ಟು ಬಿಡಬೇಡಿ.

ಪ್ರಶ್ನೆ: ಹರಿವು 12, ಪಿಐ 6 ಬಂದರೆ ಹೊಲಿಗೆ ಬಿಚ್ಚಲೇಬೇಕೆ?

ಉತ್ತರ: ಕೂಡಲೇ ಬಿಚ್ಚುವುದೂ ತಪ್ಪು, "ನಾಳ ಸಣ್ಣದು, ಇಷ್ಟೇ" ಎಂದು ಸುಮ್ಮನಾಗುವುದೂ ತಪ್ಪು. ಹರಿವು 20ಕ್ಕಿಂತ ಕಡಿಮೆ, ಪಿಐ 5ಕ್ಕಿಂತ ಹೆಚ್ಚು ಎಂಬ ಗೆರೆ "ಹುಡುಕು" ಎಂದು ಹೇಳುತ್ತದೆ, "ಬಿಚ್ಚು" ಎಂದಲ್ಲ. ಹರಿವು 15 ಇದ್ದರೂ ಪಿಐ 2.5, ಡಿಎಫ್ 70 ಇದ್ದರೆ, ಮುಂದಿನ ಕರೊನರಿ ಚಿಕ್ಕದಾಗಿರುವ ರೋಗಿಯಲ್ಲಿ ಅದು ಒಳ್ಳೆಯ ಗ್ರಾಫ್ಟೇ ಆಗಿರಬಹುದು. ಮೂರೂ ಒಟ್ಟಿಗೆ ಕೆಟ್ಟರೆ ಮಾತು ಬೇರೆ.

ಮೊದಲು ಸುಲಭದ ಕಾರಣಗಳನ್ನು ತಳ್ಳಿಹಾಕಿ: ಒತ್ತಡ, ಜೆಲ್, ಪ್ರೋಬ್. ಬಳಿಕ ಗ್ರಾಫ್ಟನ್ನು ಉದ್ದಕ್ಕೂ ಕಣ್ಣಾರೆ ನೋಡಿ. ಉದ್ದ ಹೆಚ್ಚಾಗಿದ್ದರೆ ಮಡಿಚಿಕೊಳ್ಳುತ್ತದೆ. ಕಡಿಮೆಯಾಗಿದ್ದರೆ ಹೃದಯ ತುಂಬಿದಾಗ, ಶ್ವಾಸಕೋಶ ಉಬ್ಬಿದಾಗ ಬಿಗಿಯಾಗಿ ಎಳೆಯುತ್ತದೆ. ಸಿರೆ ತಿರುಚಿಕೊಂಡಿರುವುದು ಕಣ್ಣಿಗೆ ಬೀಳದೆ ಹೋಗಬಹುದು, ಅದಕ್ಕೇ ತೆಗೆಯುವಾಗಲೇ ಅದರ ಮೇಲೆ ಉದ್ದಕ್ಕೊಂದು ಗೆರೆ ಎಳೆದಿಟ್ಟುಕೊಳ್ಳುವುದು ಒಳ್ಳೆಯ ಅಭ್ಯಾಸ. ಕೈಯಿಂದ ತೆಗೆದ ರೇಡಿಯಲ್ ಅಪಧಮನಿ ಅಥವಾ ಮ್ಯಾಮರಿ ಸೆಟೆದುಕೊಂಡಿದ್ದರೆ ಹೊರಗಿನಿಂದ ನಾಳ ಸಡಿಲಿಸುವ ಪಾಪಾವರಿನ್ ಹಾಕಿ ಕೆಲವು ನಿಮಿಷ ಕಾಯ್ದು ಮತ್ತೆ ಅಳೆಯಿರಿ. ಮ್ಯಾಮರಿಯ ಮೇಲಿನಿಂದಲೇ ರಕ್ತ ಕಡಿಮೆ ಬರುತ್ತಿದ್ದರೆ, ಎಡಗೈ ಒತ್ತಡವನ್ನು ಬಲಗೈಯದಕ್ಕೆ ಹೋಲಿಸಿ. ಎಡಕ್ಕೆ ತೀರಾ ಕಡಿಮೆಯಿದ್ದರೆ ಎಡಗೈಗೂ ಮ್ಯಾಮರಿಗೂ ರಕ್ತ ಕೊಡುವ ಸಬ್‌ಕ್ಲೇವಿಯನ್ ನಾಳವೇ ಕಿರಿದಾಗಿರಬಹುದು.

ಇದ್ಯಾವುದೂ ಅಲ್ಲದಿದ್ದರೆ ಉಳಿಯುವುದು ಎರಡು: ಹೊಲಿಗೆಯ ದೋಷ ಅಥವಾ ಮೂಲ ಕರೊನರಿಯ ಪೈಪೋಟಿ. ಕರೊನರಿಯ ಅಡಚಣೆ ಮಧ್ಯಮ ಮಟ್ಟದ್ದಾಗಿದ್ದರೆ ಅದರೊಳಗಿನಿಂದಲೇ ಸಾಕಷ್ಟು ರಕ್ತ ಬಂದು ಗ್ರಾಫ್ಟ್‌ನ ಹರಿವನ್ನು ತಡೆಯುತ್ತದೆ. ಎರಡನ್ನೂ ಬೇರ್ಪಡಿಸಲು ಹೊಲಿಗೆಗಿಂತ ಮೇಲೆ ಕರೊನರಿಯನ್ನು ಮೃದುವಾದ ಪಟ್ಟಿಯಿಂದ ಕ್ಷಣಕಾಲ ಬಿಗಿದು ನೋಡುತ್ತಾರೆ. ಗ್ರಾಫ್ಟ್‌ನ ಹರಿವು ಏರಿತೇ? ಹಾಗಾದರೆ ಅದು ಪೈಪೋಟಿ, ಹೊಲಿಗೆ ಸರಿಯಿದೆ. ಏರುವ ಬದಲು ಕುಸಿಯಿತೇ? ಅಲ್ಲಿಯವರೆಗೆ ರಕ್ತ ಹಿಂದಿನ ದಿಕ್ಕಿಗಷ್ಟೇ ಹೋಗುತ್ತಿತ್ತು, ಮುಂದಿನ ದಾರಿ, ಅಂದರೆ ಹೊಲಿಗೆಯ ‘ಟೋ’ ತುದಿ, ಕಟ್ಟಿಕೊಂಡಿದೆ ಎಂದು ತಿಳಿಯಬೇಕು. ಆಗ ಬಿಚ್ಚಲು ಹಿಂಜರಿಯಬಾರದು. ಎಪಿಕಾರ್ಡಿಯಲ್ ಅಲ್ಟ್ರಾಸೌಂಡ್ ಇದ್ದರೆ ಹೊಲಿಗೆಯ ಒಳಭಾಗವನ್ನೇ ನೋಡಬಹುದು. 15 ಮೆಗಾಹರ್ಟ್ಸ್‌ನ ಪುಟ್ಟ ಪ್ರೋಬನ್ನು ಹೃದಯದ ಮೇಲೆ ಒತ್ತದಂತೆ ಇಟ್ಟರೆ ಸಾಕು. ಹರಿವಿನ ಅಳತೆ, ಈ ಅಲ್ಟ್ರಾಸೌಂಡ್ ಎರಡನ್ನೂ ಒಟ್ಟಿಗೆ ಬಳಸಿದ, 2020ರಲ್ಲಿ ಪ್ರಕಟವಾದ ರಿಕ್ವೆಸ್ಟ್ ಅಧ್ಯಯನದಲ್ಲಿ 1,016 ರೋಗಿಗಳ ಪೈಕಿ ಸುಮಾರು ಕಾಲು ಭಾಗದವರಲ್ಲಿ ಶಸ್ತ್ರಚಿಕಿತ್ಸೆಯ ಯೋಜನೆ ಏನಾದರೊಂದು ರೀತಿ ಬದಲಾಯಿತು.

ಪ್ರಶ್ನೆ: ಒಂದೇ ಸಿರೆಯನ್ನು ಎರಡು ಕರೊನರಿಗಳಿಗೆ ಹೊಲಿದಾಗ ಎಲ್ಲಿ ಅಳೆಯಬೇಕು?

ಉತ್ತರ: ಎರಡು ಕಡೆ. ಮೊದಲ ಹೊಲಿಗೆಯ ಮುಂಚೆ ಒಟ್ಟು ಹರಿವು, ಎರಡು ಹೊಲಿಗೆಗಳ ನಡುವೆ ಕೊನೆಯ ನಾಳದ ಪಾಲು. ಒಟ್ಟು 60, ನಡುವೆ 45 ಬಂದರೆ ಮೊದಲನೆಯದಕ್ಕೆ 15. ಮೇಲೊಂದೇ ಕಡೆ ಅಳೆದು 60 ಕಂಡು ಸಮಾಧಾನಪಟ್ಟರೆ, ಕೊನೆಯ ಹೊಲಿಗೆ ಪೂರ್ತಿ ಕಟ್ಟಿಕೊಂಡಿದ್ದರೂ ಗೊತ್ತಾಗುವುದಿಲ್ಲ. ವೈ ಆಕಾರದ ಗ್ರಾಫ್ಟ್‌ನಲ್ಲಿ ಪ್ರತಿ ಕವಲನ್ನೂ ಬೇರೆಯಾಗಿ ಅಳೆಯಿರಿ. ಒಂದನ್ನು ಮೃದು ಬುಲ್‌ಡಾಗ್ ಕ್ಲ್ಯಾಂಪ್‌ನಿಂದ ಹಿಡಿದು ಇನ್ನೊಂದನ್ನು ನೋಡುವುದೂ ಉಂಟು.

ಪ್ರಶ್ನೆ: ಸಂಖ್ಯೆಗಳು ಚೆನ್ನಾಗಿದ್ದರೆ ಗ್ರಾಫ್ಟ್ ಬಹುಕಾಲ ಬಾಳುತ್ತದೆ ಎಂದು ಭರವಸೆ ಇಡಬಹುದೇ?

ಉತ್ತರ: ಆ ದಿನ, ಆ ಮೇಜಿನ ಮೇಲೆ ದೊಡ್ಡ ತಾಂತ್ರಿಕ ತಪ್ಪು ಇಲ್ಲ ಎಂಬಷ್ಟಕ್ಕೆ ಭರವಸೆ. ಹೊಲಿಗೆ ಸ್ವಲ್ಪವೇ ಕಿರಿದಾಗಿದ್ದರೆ ಈ ಯಂತ್ರ ಅದನ್ನು ಹಿಡಿಯದೆ ಹೋಗಬಹುದು. ಸಿರೆಯ ಒಳಪದರ ವರ್ಷಗಳಲ್ಲಿ ದಪ್ಪವಾಗುವುದು ಬೇರೆಯೇ ಕಾಯಿಲೆ, ಅದಕ್ಕೆ ಔಷಧಿಯೂ ತಂಬಾಕು ಬಿಡುವುದೂ ಬೇಕು. ಡಿಸ್ಚಾರ್ಜ್ ಹಾಳೆಯನ್ನು ಮಾತ್ರ ಜೋಪಾನವಾಗಿಡಿ. ಮುಂದೆಂದಾದರೂ ಆಂಜಿಯೋಗ್ರಾಂ ಮಾಡಬೇಕಾಗಿ ಬಂದರೆ, ಯಾವ ಗ್ರಾಫ್ಟ್ ಎಲ್ಲಿಂದ ಎಲ್ಲಿಗೆ ಹೋಗಿದೆ, ಅಂದು ಎಷ್ಟು ಹರಿಯುತ್ತಿತ್ತು ಎಂಬುದನ್ನು ಆ ವೈದ್ಯರು ಮೊದಲು ಕೇಳುತ್ತಾರೆ.